ಫೋನು ಕೊಳ್ಳುವ ಮುನ್ನ ಕೈ ನೋಡು

ಪುಟ್ಟಿ,

ಮೊನ್ನೆ ಒಂದು ರಾತ್ರಿ ನೀನು ಫೋನ್ ಮಾಡಿ, "ದೊಡ್ಡಪ್ಪ, ಗೋಡೌನಿಗೆ ನಲವತ್ತು ಮೊಬೈಲ್ ತಗೊಳ್ಳೋಣ ಅಂತಿದ್ದಾರೆ, ಅಂಗಡೀಲಿ ಸಿಗೋ ಮಾಮೂಲಿ ಮೊಬೈಲು. ಹೂಂ ಅನ್ನಲಾ?" ಅಂತ ಕೇಳಿದೆ. ನಾನು ಊಟಕ್ಕೆ ಕೂತಿದ್ದೆ, ನಾಳೆ ಹೇಳುತ್ತೇನೆ ಅಂದೆ. ನಾಳೆ ಅಂದದ್ದು ನಾಲ್ಕು ದಿನವಾಯಿತು. ಹೂಂ ಅಥವಾ ಬೇಡ ಅಂತ ಒಂದು ಮಾತಿನಲ್ಲಿ ಮುಗಿಸುವ ವಿಷಯ ಇದಲ್ಲ ಅನ್ನಿಸಿ ಕೂತು ಬರೆಯುತ್ತಿದ್ದೇನೆ.

ದಾಬಸ್‌ಪೇಟೆಯ ಆ ಗೋಡೌನಿನ ಉಸ್ತುವಾರಿ ನಿನ್ನ ಕೈಗೆ ಬಂದು ಇನ್ನೂ ಮೂರು ತಿಂಗಳಾಗಿಲ್ಲ. ನಿಮ್ಮ ಕಂಪನಿಯ ಯಜಮಾನರ ಲೆಕ್ಕ ನಿನಗೂ ಸರಿ ಅನ್ನಿಸಿದೆ. ಮೊಬೈಲಿಗೆ 15 ಸಾವಿರ. ಬಾರ್‌ಕೋಡ್ ಹೊಡೆಯುವುದಕ್ಕೇ ಮಾಡಿದ ಎಚ್‌ಎಚ್‌ಟಿ ಯಂತ್ರಕ್ಕೆ ಅದರ ನಾಲ್ಕು ಪಟ್ಟು. ಎರಡರ ಒಳಗೂ ಓಡುವುದು ಅದೇ ಆಂಡ್ರಾಯ್ಡ್. ಮತ್ತೆ ನಾಲ್ಕು ಪಟ್ಟು ಯಾಕೆ ಸುರಿಯಬೇಕು? ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಅದನ್ನು ಹಿಡಿಯುವ ಕೈ ಯಾರದು, ಆ ಕೈ ಎಂಟು ಗಂಟೆ ಏನು ಮಾಡುತ್ತಿರುತ್ತದೆ?

ನಾನು 1981ರಲ್ಲಿ ಪೀಣ್ಯದಲ್ಲಿ ಸ್ಟೋರ್ಸಿಗೆ ಸೇರಿದಾಗ ಒಂದೊಂದು ರ‍್ಯಾಕಿಗೂ ಒಂದೊಂದು ಬಿನ್ ಕಾರ್ಡ್ ದಾರದಲ್ಲಿ ನೇತಾಡುತ್ತಿತ್ತು. ಬಂದದ್ದು, ಹೋದದ್ದು, ಉಳಿದದ್ದು ಅಂತ ಮೂರು ಕಾಲಂ. ಪೆನ್ಸಿಲು ಕಿವಿಯ ಮೇಲೆ. ಆ ಕಾರ್ಡಿನ ಮೇಲೆ ಎಣ್ಣೆ ಬಿದ್ದರೆ ಒರೆಸುತ್ತಿದ್ದೆವು, ಹರಿದರೆ ಹೊಸದು ಬರೆಯುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು, ಬಾರ್‌ಕೋಡ್ ಗನ್ ಬಂತು, ಇಟ್ಟಿಗೆಯಷ್ಟು ತೂಕದ ವಿಂಡೋಸ್ ಯಂತ್ರಗಳು ಬಂದವು. ಆ ಯಂತ್ರಗಳು ಗಟ್ಟಿಯಾಗಿಯೇ ಇದ್ದವು. ಆದರೆ ಒಳಗಿನ ವಿಂಡೋಸ್ ಆವೃತ್ತಿಯನ್ನು ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಕೈ ಬಿಟ್ಟಿತು. ನಿಮ್ಮ ಆಫೀಸಿನ ಕಪಾಟಿನಲ್ಲಿ ಬೂದು ಬಣ್ಣದ ಹಳೆಯ ಯಂತ್ರಗಳು ರಾಶಿ ಬಿದ್ದಿವೆ ಅಂದೆಯಲ್ಲ, ಅವುಗಳ ಕಥೆ ಇದೇ ಇರಬೇಕು. ಮೈ ಗಟ್ಟಿಯಿದ್ದರೂ ಉಸಿರು ಬೇರೆಯವರ ಕೈಯಲ್ಲಿತ್ತು. ಇದನ್ನು ನೆನಪಿಟ್ಟುಕೋ, ಮುಂದೆ ಇದೇ ಮಾತಿಗೆ ಮತ್ತೆ ಬರುತ್ತೇನೆ.

ನಿವೃತ್ತಿಯಾದ ಮೇಲೆ ಎರಡು ವರ್ಷ ನಾನು ಅಲ್ಲಿ ಇಲ್ಲಿ ಸ್ಟಾಕ್ ಸರಿಮಾಡಿಕೊಡುವ ಕೆಲಸಕ್ಕೆ ಹೋಗುತ್ತಿದ್ದದ್ದು ನಿನಗೆ ಗೊತ್ತು. ಒಂದು ಕಡೆ, ಹೆಸರು ಬೇಡ, ಹೊಸದಾಗಿ ಎಲ್ಲರಿಗೂ ಮೊಬೈಲ್ ಕೊಟ್ಟಿದ್ದರು. ಒಳ್ಳೆಯ ಮೊಬೈಲುಗಳೇ. ಆದರೂ ಕಂಪ್ಯೂಟರ್ ಹೇಳುವ ಲೆಕ್ಕಕ್ಕೂ ರ‍್ಯಾಕಿನಲ್ಲಿರುವ ಮಾಲಿಗೂ ದಿನದಿನಕ್ಕೆ ತಾಳೆ ತಪ್ಪುತ್ತಿತ್ತು. ಸಾಫ್ಟ್‌ವೇರ್ ಸರಿಯಿಲ್ಲ ಅಂದರು, ಹುಡುಗರು ಸರಿಯಿಲ್ಲ ಅಂದರು. ನಾನು ಎರಡನೇ ಪಾಳಿಯಲ್ಲಿ ಸುಮ್ಮನೆ ಒಂದು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಯಾದಗಿರಿ ಕಡೆಯ ಒಬ್ಬ ಹುಡುಗ ರ‍್ಯಾಕಿನಿಂದ ಡಬ್ಬ ಇಳಿಸುತ್ತಾನೆ, ಜೇಬಿನಿಂದ ಹರಿದ ರಟ್ಟಿನ ಚೂರು ತೆಗೆದು ಬಾಲ್‌ಪೆನ್ನಿನಲ್ಲಿ ನಂಬರು ಬರೆದುಕೊಳ್ಳುತ್ತಾನೆ, ಡಬ್ಬ ಸಾಗಿಸುತ್ತಾನೆ. ಮೊಬೈಲ್ ಎಲ್ಲಪ್ಪಾ ಅಂದರೆ ಲಾಕರಿನಲ್ಲಿದೆ ಅಂದ. ಪಾಳಿ ಮುಗಿಯುವ ಮುನ್ನ ಲಾಕರಿನ ಪಕ್ಕ ಕೂತು ರಟ್ಟು ನೋಡಿಕೊಂಡು ಅಷ್ಟೂ ನಂಬರು ಕೈಯಲ್ಲಿ ಒತ್ತುತ್ತಿದ್ದ.

ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಮೊದಲು ಹೇಳಲಿಲ್ಲ. ಟೀ ಕುಡಿಸಿದ ಮೇಲೆ ಹೇಳಿದ. ಹಿಂದಿನ ತಿಂಗಳು ಅವನ ಜೊತೆಯವನ ಕೈಯಿಂದ ಮೊಬೈಲ್ ಜಾರಿ ಕಾಂಕ್ರೀಟ್ ನೆಲಕ್ಕೆ ಬಿದ್ದು ಡಿಸ್‌ಪ್ಲೇ ಹೋಗಿತ್ತು. ಅದರ ದುಡ್ಡನ್ನು ಸಂಬಳದಲ್ಲಿ ಮುರಿದುಕೊಂಡಿದ್ದರು. ಅಂದಿನಿಂದ ಆ ಪಾಳಿಯ ಯಾರೂ ಮೊಬೈಲನ್ನು ರ‍್ಯಾಕಿನ ಹತ್ತಿರ ತರುತ್ತಿರಲಿಲ್ಲ. ನೋಡು ಮಗಳೇ, ಕಂಪನಿ ದುಡ್ಡು ಕೊಟ್ಟು ತಂದದ್ದು ಮಾಲಿನ ಲೆಕ್ಕ ಕಾಯುವುದಕ್ಕೆ. ಹುಡುಗರು ಕಾಯುತ್ತಿದ್ದದ್ದು ಮೊಬೈಲನ್ನು. ಲೆಕ್ಕ ಆರು ಗಂಟೆ ತಡವಾಗಿ, ಕೈಬರಹದಿಂದ, ಆಯಾಸದ ಹೊತ್ತಿನಲ್ಲಿ ಕಂಪ್ಯೂಟರಿಗೆ ಹೋಗುತ್ತಿತ್ತು. ಬಿನ್ ಕಾರ್ಡಿನ ಕಾಲದಲ್ಲಿ ಬರೆದದ್ದು ರ‍್ಯಾಕಿನ ಎದುರಿನಲ್ಲಾದರೂ ಬರೆಯುತ್ತಿದ್ದೆವು.

ಆ ಹುಡುಗನ ರಟ್ಟಿನ ಚೂರು ನನ್ನ ಕಣ್ಣಿಂದ ಹೋಗಿಲ್ಲ. ನಿನಗೆ ಬರೆಯುತ್ತಿರುವ ಈ ಮಾತೆಲ್ಲ ಅದರ ಸುತ್ತಲೇ ಇದೆ.

ಮೊದಲು ಮೊಬೈಲಿನ ಪರವಾಗಿ ಹೇಳಿಬಿಡುತ್ತೇನೆ, ಯಾಕಂದರೆ ಅದರ ಗುಣ ಸಣ್ಣದಲ್ಲ. ಹಳೆಯ ಯಂತ್ರವನ್ನು ಹೊಸಬರಿಗೆ ಕಲಿಸಲು ನನಗೆ ಒಂದು ವಾರ ಬೇಕಾಗುತ್ತಿತ್ತು. ಈಗಿನ ಹುಡುಗರು ಬರುವಾಗಲೇ ಬೆರಳಿನಲ್ಲಿ ಮೊಬೈಲ್ ಕಲಿತು ಬಂದಿರುತ್ತಾರೆ. ಕನ್ನಡ ಅಕ್ಷರ ಚೆನ್ನಾಗಿ ಮೂಡುತ್ತದೆ, ಒಡಿಯಾ, ಹಿಂದಿಯೂ ಮೂಡುತ್ತದೆ. ನಿನ್ನ ಗೋಡೌನಿನಲ್ಲಿ ಅರ್ಧದಷ್ಟು ಜನ ಒಡಿಶಾ, ಬಿಹಾರದವರು ಅಂದೆ. ಅವರವರ ಭಾಷೆಯಲ್ಲಿ ಪರದೆ ತೋರಿಸುವಂತೆ ಸಾಫ್ಟ್‌ವೇರಿನವರಿಗೆ ಹೇಳು, ಇದು ಮಾಡಲಾಗದ ಕೆಲಸವೇನಲ್ಲ. ಮಾಲು ಇಳಿಸುವ ಡಾಕಿನಲ್ಲಿ ಲಾರಿ ಬಾಗಿಲು ತೆಗೆದಾಗ ಡಬ್ಬಗಳು ಜಜ್ಜಿದ್ದರೆ ಫೋಟೋ ತೆಗೆಯಬೇಕು. ಅದಕ್ಕೆ ಮೊಬೈಲಿನಷ್ಟು ಒಳ್ಳೆಯ ಕ್ಯಾಮೆರಾ ಎಷ್ಟೋ ಎಚ್‌ಎಚ್‌ಟಿಗಳಲ್ಲಿ ಇಲ್ಲ. ಸೂಪರ್‌ವೈಸರುಗಳಿಗೆ, ಗೇಟಿನಲ್ಲಿ ಗಾಡಿ ನಂಬರು ಬರೆಯುವವರಿಗೆ, ಫೋರ್ಕ್‌ಲಿಫ್ಟಿನ ಬೆಳಗಿನ ತಪಾಸಣೆ ಪಟ್ಟಿ ತುಂಬುವವರಿಗೆ, ದಿನಕ್ಕೆ ಐವತ್ತರವತ್ತು ಸಲ ಸ್ಕ್ಯಾನ್ ಮಾಡುವವರಿಗೆ ಮಾಮೂಲಿ ಮೊಬೈಲು, ಮೇಲೊಂದು ದಪ್ಪ ರಬ್ಬರ್ ಕವರು, ಕೈಗೆ ಸಿಕ್ಕಿಸುವ ಪಟ್ಟಿ, ಇಷ್ಟು ಧಾರಾಳ ಸಾಕು. ಅವರಿಗೆ ನಾಲ್ಕು ಪಟ್ಟಿನ ಯಂತ್ರ ಕೊಡುವುದು ದುಂದು.

ಆದರೆ ಪಿಕಿಂಗ್ ಮಾಡುವ, ಅಂದರೆ ಆರ್ಡರಿನಂತೆ ರ‍್ಯಾಕಿನಿಂದ ಮಾಲು ತೆಗೆಯುವ ಕೈ ಬೇರೆ. ಆ ಕೈ ಒಂದು ಪಾಳಿಯಲ್ಲಿ ಸಾವಿರ ಸಲ ಸ್ಕ್ಯಾನ್ ಹೊಡೆಯುತ್ತದೆ. ಎಚ್‌ಎಚ್‌ಟಿಯಲ್ಲಿ ಗುಂಡಿ ಒತ್ತಿದರೆ ಕೆಂಪು ಗುರಿ ಬೀಳುತ್ತದೆ, ಕೀಂ ಅನ್ನುತ್ತದೆ, ಮುಗಿಯಿತು. ಮೊಬೈಲಿನ ಕ್ಯಾಮೆರಾ ಮೊದಲು ಚಿತ್ರ ಹಿಡಿಯಬೇಕು, ಫೋಕಸ್ ಆಗಬೇಕು, ಆಮೇಲೆ ಆ ಚಿತ್ರದಲ್ಲಿ ಕೋಡ್ ಹುಡುಕಬೇಕು. ರ‍್ಯಾಕ್‌ಗಳ ನಡುವಿನ ಮಬ್ಬಿನಲ್ಲಿ ಇದು ಇನ್ನಷ್ಟು ತಡ. ಒಂದೊಂದಕ್ಕೆ ಎರಡೇ ಸೆಕೆಂಡ್ ಹೆಚ್ಚಾದರೂ ಸಾವಿರಕ್ಕೆ ಅರ್ಧ ಗಂಟೆಯ ಮೇಲಾಯಿತು. ಆ ಅರ್ಧ ಗಂಟೆ ಯಜಮಾನರ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಹುಡುಗನ ಊಟದ ಹೊತ್ತಿನಲ್ಲಿ ಕಾಣಿಸುತ್ತದೆ. ಮೊಬೈಲನ್ನು ಚಪ್ಪಟೆಯಾಗಿ ಹಿಡಿದು ಮಣಿಕಟ್ಟು ತಿರುಚಿ ತಿರುಚಿ ಗುರಿ ಇಡುವ ನೋವು ಬೇರೆ. ಮೂರನೇ ಅಂತಸ್ತಿನ ಪ್ಯಾಲೆಟ್ಟಿನ ಲೇಬಲ್ಲನ್ನು ನೆಲದಲ್ಲಿ ನಿಂತು ಮೊಬೈಲಿನಲ್ಲಿ ಓದಿಸಲು ಹೊರಟರೆ ಕಷ್ಟ. ದೂರದ ಕೋಡಿಗೆಂದೇ ಮಾಡಿದ ಸ್ಕ್ಯಾನರ್ ಇರುವ ಯಂತ್ರ ಬೇಕು.

ನಡುವಿನ ದಾರಿಯೂ ಇದೆ. ಬೆರಳಿಗೆ ಉಂಗುರದಂತೆ ಹಾಕಿಕೊಳ್ಳುವ ಸ್ಕ್ಯಾನರ್ ಬರುತ್ತದೆ, ಬ್ಲೂಟೂತಿನಲ್ಲಿ ಮೊಬೈಲಿಗೆ ಜೋಡಿಸಬಹುದು. ಮೊಬೈಲು ಮುಂಗೈಯ ಪಟ್ಟಿಯಲ್ಲಿರುತ್ತದೆ, ಎರಡೂ ಕೈ ಡಬ್ಬ ಎತ್ತಲು ಬಿಡುವಾಗಿರುತ್ತವೆ. ಭಾರದ ಡಬ್ಬ ಎತ್ತುವವರಿಗೆ ಇದು ದೊಡ್ಡ ಉಪಕಾರ. ಫೋರ್ಕ್‌ಲಿಫ್ಟ್ ಓಡಾಡುವ ದಾರಿಯಲ್ಲಿ ತಲೆ ಬಗ್ಗಿಸಿ ಪರದೆ ನೋಡುತ್ತ ನಡೆಯುವುದೂ ತಪ್ಪುತ್ತದೆ. ನಡೆಯುವಾಗ ನೋಡಬೇಡಿ, ನೋಡುವಾಗ ನಡೆಯಬೇಡಿ ಅಂತ ಮೊದಲ ದಿನವೇ ಎಲ್ಲರಿಗೂ ಹೇಳು. ಹೇಳಿದ್ದನ್ನು ನೀನೂ ಪಾಲಿಸು. ಗೋಡೌನಿನಲ್ಲಿ ಫೋನಿನಲ್ಲಿ ಮಾತಾಡುತ್ತ ನಡೆಯುವವರಲ್ಲಿ ಮ್ಯಾನೇಜರುಗಳೇ ಹೆಚ್ಚು.

ಇನ್ನೊಂದು. ಸ್ಕ್ಯಾನ್ ಆಗುತ್ತಿಲ್ಲ ಅನ್ನುವ ದೂರಿನಲ್ಲಿ ಎಷ್ಟೋ ಸಲ ತಪ್ಪು ಮೊಬೈಲಿನದಲ್ಲ, ಲೇಬಲ್ಲಿನದು. ಪ್ರಿಂಟರಿನ ರಿಬ್ಬನ್ ಸವೆದು ಗೆರೆ ಮಸುಕಾಗಿರುತ್ತದೆ, ಅಥವಾ ಲೇಬಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬೆಳಕು ಹೊಳೆಯುತ್ತಿರುತ್ತದೆ. ಕ್ಯಾಮೆರಾದಲ್ಲೇ ಓದಿಸುವುದಾದರೆ ರ‍್ಯಾಕಿನ ಲೊಕೇಶನ್ ಚೀಟಿಗಳನ್ನು ಕ್ಯೂಆರ್ ಕೋಡಿಗೆ ಬದಲಾಯಿಸು, ದೊಡ್ಡದಾಗಿ ಅಚ್ಚು ಹಾಕಿಸು. ಆ ಕ್ಯೂಆರ್ ಕೋಡ್ ಹುಟ್ಟಿದ್ದೇ ನಮ್ಮಂಥ ಜಾಗದಲ್ಲಿ. ಜಪಾನಿನ ಡೆನ್ಸೊ ವೇವ್‌ನಲ್ಲಿ ಮಸಾಹಿರೋ ಹಾರಾ ಅನ್ನುವವರು 1994ರಲ್ಲಿ ಅದನ್ನು ಮಾಡಿದ್ದು ಕಾರಿನ ಬಿಡಿಭಾಗಗಳಿಗಾಗಿ. ಒಂದೊಂದು ಪೆಟ್ಟಿಗೆಗೂ ಹಲವಾರು ಬಾರ್‌ಕೋಡ್ ಓದಿಸಿ ಓದಿಸಿ ಸುಸ್ತಾಗುತ್ತಿದ್ದ ಕೆಲಸಗಾರರ ಕಷ್ಟ ನೋಡಿ. ಕಾರ್ಖಾನೆಯ ಕೊಳೆ, ಎಣ್ಣೆ ತಾಗುತ್ತದೆ ಅಂತ ಗೊತ್ತಿದ್ದೇ, ಒಂದು ಭಾಗ ಅಳಿಸಿಹೋದರೂ ಉಳಿದದ್ದರಿಂದ ಪೂರ್ತಿ ಓದಿಕೊಳ್ಳುವ ವ್ಯವಸ್ಥೆ ಇಟ್ಟಿದ್ದಾರೆ. ಅದರಲ್ಲಿ ನಾಲ್ಕು ಮಟ್ಟಗಳಿವೆ. ಎಲ್ಲಕ್ಕಿಂತ ಮೇಲಿನ ಎಚ್ ಮಟ್ಟದಲ್ಲಿ ಸುಮಾರು ಶೇಕಡ 30ರಷ್ಟು ಪಾಲು ಹಾಳಾದರೂ ಓದುತ್ತದೆ. ಅಚ್ಚು ಹಾಕಿಸುವಾಗ ಎಚ್ ಬೇಕು ಅಂತ ಕೇಳು. ಟೀ ಅಂಗಡಿಯಲ್ಲಿ ದುಡ್ಡು ಕೊಡಲು ನಾವೆಲ್ಲ ಹಿಡಿಯುವ ಆ ಚೌಕ ಮೂಲತಃ ಸ್ಟೋರ್ಸಿನವರ ಸೊತ್ತು ಅಂತ ನೆನೆದಾಗೆಲ್ಲ ನನಗೆ ಹೆಮ್ಮೆ.

ಈಗ ಜಾಗದ ಮಾತು. ನಿನ್ನ ಕಾಂಪೌಂಡಿನಲ್ಲಿ ಡಬ್ಬದ ಸರಕಿನ ದೊಡ್ಡ ಶೆಡ್ಡು, ಅದರ ಬದಿಗೆ ತಿನಿಸಿನ ಕೋಲ್ಡ್ ರೂಮು, ಹಿಂದೆ ಬಣ್ಣ ಮತ್ತು ಥಿನ್ನರ್ ಇಡುವ ಪ್ರತ್ಯೇಕ ಶೆಡ್ಡು ಇದೆ ಅಂದೆ. ಇಲ್ಲಿ ಸರಿಹೋದರೆ ಪೀಣ್ಯದ ಮೆಷಿನ್ ಶಾಪಿಗೂ ಅದೇ ಮೊಬೈಲ್ ಕೊಳ್ಳುವ ಯೋಚನೆ ಯಜಮಾನರಿಗಿದೆ. ನಾಲ್ಕೂ ಕಡೆಗೆ ಒಂದೇ ಮೊಬೈಲ್ ಅನ್ನುವಲ್ಲೇ ತಪ್ಪು ಶುರು.

ಥಿನ್ನರಿನ ಶೆಡ್ಡನ್ನು ಮೊದಲು ಹೇಳುತ್ತೇನೆ, ಅಲ್ಲಿ ಚರ್ಚೆಗೆ ಜಾಗವೇ ಇಲ್ಲ. ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿಕೊಂಡಿರುತ್ತದೆ. ಮೊಬೈಲ್ ಬೀಳುವುದೂ ಅದೇ ನೆಲಕ್ಕೆ. ಕಿಡಿ ಹುಟ್ಟದಂತೆ ಒಳಗಿನ ವಿದ್ಯುತ್ತನ್ನೇ ಮಿತಿಯಲ್ಲಿಟ್ಟು ಮಾಡಿದ ಫೋನುಗಳು ಬೇರೆಯೇ ಇವೆ. ಅಂಥ ಜಾಗಗಳನ್ನು ಅಪಾಯದ ಪ್ರಮಾಣ ನೋಡಿ ಝೋನ್ 0, 1, 2 ಅಂತ ವಿಂಗಡಿಸುತ್ತಾರೆ, ಯಾವ ಝೋನಿಗೆ ಯಾವ ಉಪಕರಣ ಅಂತ ಪ್ರಮಾಣಪತ್ರ ಇರುತ್ತದೆ. ನಮ್ಮ ದೇಶದಲ್ಲಿ ಇದನ್ನು ನೋಡುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಪೆಸೊ. ಅಂಥ ಫೋನ್ ತರುವವರೆಗೂ ಆ ಬಾಗಿಲಿನ ಹೊರಗೆ ಒಂದು ಮೊಬೈಲ್ ಪೆಟ್ಟಿಗೆ ಇಡಿಸು. ಒಳಗೆ ಹೋಗುವವರೆಲ್ಲ, ಯಜಮಾನರೂ ಸೇರಿ, ಫೋನ್ ಅದರಲ್ಲಿಟ್ಟು ಹೋಗಲಿ. ಒಳಗಿನ ಲೆಕ್ಕ ಕಾಗದದಲ್ಲಿ ಬರೆಯಲಿ. ಬಿನ್ ಕಾರ್ಡಿಗೆ ಅಲ್ಲಿ ಇನ್ನೂ ಮರ್ಯಾದೆ ಇದೆ.

ಕೋಲ್ಡ್ ರೂಮಿನಲ್ಲಿ ಮೈನಸ್ 18 ಡಿಗ್ರಿ. ಐಫೋನನ್ನು ಬಳಸಬೇಕಾದ ವಾತಾವರಣ 0ಯಿಂದ 35 ಡಿಗ್ರಿ ಅಂತ ಅದನ್ನು ಮಾಡುವವರೇ ಬರೆದಿದ್ದಾರೆ, ಉಳಿದ ಮಾಮೂಲಿ ಮೊಬೈಲುಗಳಿಂದ ಅದಕ್ಕಿಂತ ಬಹಳ ಹೆಚ್ಚು ನಿರೀಕ್ಷಿಸಬೇಡ. ಚಳಿಯಲ್ಲಿ ಬ್ಯಾಟರಿ ಇದ್ದಕ್ಕಿದ್ದ ಹಾಗೆ ಕುಸಿಯುತ್ತದೆ, ಶೇಕಡ 40 ತೋರಿಸುತ್ತಿದ್ದದ್ದು ಆರಿಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಹೊರಗೆ ಬಂದಾಗ. ಫ್ರಿಜ್ಜಿನಿಂದ ತೆಗೆದ ಚೊಂಬಿನ ಮೈ ಬೆವರುವ ಹಾಗೆ ಫೋನಿನ ಮೈಯೂ ಬೆವರುತ್ತದೆ, ಕ್ಯಾಮೆರಾದ ಗಾಜಿನ ಒಳಗೂ ಬೆವರುತ್ತದೆ. ದಿನಕ್ಕೆ ಇಪ್ಪತ್ತು ಸಲ ಒಳಗೆ ಹೊರಗೆ ಆದರೆ ಒಳಗಿನ ತೇವ ಆರುವುದೇ ಇಲ್ಲ. ತಣ್ಣಗಿರುವ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಿದರೆ ಅದರ ಆಯುಸ್ಸಿಗೇ ಪೆಟ್ಟು. ಇಲ್ಲಿಗೆ ಕೋಲ್ಡ್ ಸ್ಟೋರೇಜಿಗೆಂದೇ ಮಾಡಿದ, ಗಾಜಿನ ಹಿಂದೆ ಬಿಸಿಮಾಡುವ ತಂತಿ ಇರುವ ಯಂತ್ರಗಳು ಬರುತ್ತವೆ. ನಾಲ್ಕು ಸಾಕು, ಆ ನಾಲ್ಕನ್ನು ತರಿಸು. ಅಲ್ಲಿನವರ ಕೈಗವಸನ್ನೂ ನೋಡು. ಗವಸು ಹಾಕಿಕೊಂಡು ಮುಟ್ಟಿದರೆ ಪರದೆ ಕೇಳದಿದ್ದರೆ, ಹುಡುಗರು ಗವಸು ಬಿಚ್ಚುತ್ತಾರೆ. ಮೈನಸ್ 18ರಲ್ಲಿ ಬರಿಗೈ.

ತಿನಿಸಿನ ಜಾಗ ಅಂದೆನಲ್ಲ, ಗಾಜಿನ ವಿಷಯವನ್ನೂ ಹೇಳಬೇಕು. ತಿನಿಸು ತಯಾರಿಸುವ, ಬಿಡಿಯಾಗಿ ಪ್ಯಾಕ್ ಮಾಡುವ ಒಳ್ಳೆಯ ಕಾರ್ಖಾನೆಗಳಲ್ಲಿ ಒಡೆಯುವ ಗಾಜಿನ ವಸ್ತುಗಳಿಗೆಲ್ಲ ಒಂದು ರಿಜಿಸ್ಟರ್ ಇಡುತ್ತಾರೆ, ಗೋಡೆ ಗಡಿಯಾರದ ಗಾಜೂ ಅದರಲ್ಲಿರುತ್ತದೆ. ಮೊಬೈಲಿನ ಮುಂಭಾಗವೂ ಗಾಜೇ, ಈಗೀಗ ಹಿಂಭಾಗವೂ ಗಾಜೇ. ಅದರ ಚೂರೊಂದು ತೆರೆದ ತಿನಿಸಿಗೆ ಬಿದ್ದರೆ ಆ ಇಡೀ ಲಾಟು ಹೋದಂತೆ. ಪರದೆಯ ಮೂಲೆ ಒಡೆದ ಮೊಬೈಲನ್ನು ಟೇಪು ಹಚ್ಚಿ ಓಡಿಸುವುದು ನಮ್ಮಲ್ಲಿ ಮಾಮೂಲು. ತಿನಿಸು ಇರುವ ಕಡೆ ಅದನ್ನು ಒಂದು ದಿನವೂ ಬಿಡಬೇಡ.

ಮೆಷಿನ್ ಶಾಪಿನ ಮಾತು ನನ್ನದೇ ಮನೆಯ ಮಾತು. ಐಪಿ 67 ಇದೆ ಸಾರ್, ನೀರಿಗೆ ಬಿದ್ದರೂ ಏನೂ ಆಗಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಆ ಅಂಕಿಗಳಲ್ಲಿ ಮೊದಲನೆಯದು ಧೂಳಿಗೆ, 6 ಅಂದರೆ ಧೂಳು ಒಳಗೆ ಹೋಗದು. ಎರಡನೆಯ 7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿದ್ದಾರೆ. ಪರೀಕ್ಷೆ ಶುದ್ಧ ನೀರಿನದು, ಹೊಸ ಫೋನಿನದು. ಲೇತಿನ ಪಕ್ಕ ಚಿಮ್ಮುವ ಹಾಲಿನಂಥ ಕೂಲೆಂಟಿನಲ್ಲಿ ಎಣ್ಣೆಯಿದೆ, ಇನ್ನೇನೇನೋ ರಾಸಾಯನಿಕಗಳಿವೆ. ಅವು ರಬ್ಬರ್ ಅಂಚನ್ನು, ಗಾಜು ಅಂಟಿಸಿದ ಗೋಂದನ್ನು ನಿಧಾನವಾಗಿ ಸಡಿಲ ಮಾಡುತ್ತವೆ. ಒಂದು ಸಲ ನೆಲಕ್ಕೆ ಬಿದ್ದು ಅಂಚು ಬಿಟ್ಟ ಮೇಲೆ 67 ಅನ್ನುವುದು ಬರೀ ಸ್ಟಿಕ್ಕರು. ಗ್ರೈಂಡಿಂಗ್ ಮೆಷಿನ್ನಿನ ಹತ್ತಿರ ಇನ್ನೊಂದು ಕಾಟ. ಮೊಬೈಲಿನ ಸ್ಪೀಕರಿನಲ್ಲಿ ಅಯಸ್ಕಾಂತ ಇದೆ, ಹಿಟ್ಟಿನಂಥ ಕಬ್ಬಿಣದ ಧೂಳು ಹಾರಿ ಬಂದು ಅದರ ಜಾಲರಿಗೆ ಕಂಬಳಿ ಹುಳದ ಹಾಗೆ ಮೆತ್ತಿಕೊಳ್ಳುತ್ತದೆ. ಮೊದಲು ಧ್ವನಿ ಕುಗ್ಗುತ್ತದೆ, ಆಮೇಲೆ ಚಾರ್ಜಿಂಗ್ ಪಿನ್ನಿನ ಸಂದಿಗೂ ಇಳಿಯುತ್ತದೆ. ಅಲ್ಲಿ ಮೊಬೈಲನ್ನು ಮೆಷಿನ್ನಿನ ಮೇಲೆ ಇಡುವ ಅಭ್ಯಾಸ ತಪ್ಪಿಸಬೇಕು. ಎದೆಯೆತ್ತರಕ್ಕೆ ಒಂದು ಮುಚ್ಚಳದ ಪೆಟ್ಟಿಗೆ ಮೊಳೆ ಹೊಡೆದು ಕೊಟ್ಟರೆ ಸಾಕು.

ಸೈನ್ಯದ ಪರೀಕ್ಷೆ ಪಾಸಾಗಿದೆ ಅಂತಲೂ ಡಬ್ಬದ ಮೇಲೆ ಬರೆದಿರುತ್ತಾರೆ, ಮಿಲ್ ಸ್ಟ್ಯಾಂಡರ್ಡ್ 810. ಅಮೆರಿಕದ ಸೈನ್ಯದ ಕ್ರಮ ಅದು. ಅದರ ಜಿ ಆವೃತ್ತಿಯ ಪ್ರಕಾರ ನಾಲ್ಕು ಅಡಿಯಿಂದ 26 ಸಲ ಬೀಳಿಸುತ್ತಾರೆ, ಕಾಂಕ್ರೀಟಿನ ಮೇಲೆ ಹಾಸಿದ ಎರಡು ಇಂಚು ದಪ್ಪದ ಪ್ಲೈವುಡ್ಡಿನ ಮೇಲೆ. ಆ 26 ಬೀಳುಗಳನ್ನು ಐದು ಫೋನುಗಳವರೆಗೆ ಹಂಚಿಕೊಳ್ಳಲು ಅವಕಾಶವೂ ಇದೆ. ನಿನ್ನ ಗೋಡೌನಿನಲ್ಲಿ ಪ್ಲೈವುಡ್ ಹಾಸಿಲ್ಲ, ಏಣಿ ನಾಲ್ಕು ಅಡಿಗೆ ನಿಲ್ಲುವುದಿಲ್ಲ. ಕಂಪನಿ ಎಷ್ಟು ಎತ್ತರದಿಂದ, ಯಾವ ನೆಲಕ್ಕೆ, ಒಂದೇ ಯಂತ್ರವನ್ನು ಎಷ್ಟು ಸಲ ಬೀಳಿಸಿ ನೋಡಿದೆ ಅಂತ ಮಾರುವವರನ್ನು ಲಿಖಿತವಾಗಿ ಕೇಳು. ಉತ್ತರ ಬರುವ ರೀತಿಯಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಬ್ಯಾಟರಿಯ ಬಗ್ಗೆ ನನಗೆ ನಿಜವಾಗಿ ಭಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಮನೆಯ ಮೊಬೈಲು ರಾತ್ರಿ ಮಲಗುತ್ತದೆ. ಮೂರು ಪಾಳಿಯ ಮೊಬೈಲು ಮಲಗುವುದೇ ಇಲ್ಲ. ಬೆಳಗಿನವನು ಕೊಟ್ಟದ್ದನ್ನು ಮಧ್ಯಾಹ್ನದವನು ಹಿಡಿದ, ಅವನು ಕೊಟ್ಟದ್ದನ್ನು ರಾತ್ರಿಯವನು. ನಡುನಡುವೆ ಹತ್ತು ನಿಮಿಷ, ಇಪ್ಪತ್ತು ನಿಮಿಷ ವೇಗದ ಚಾರ್ಜು. ಎಚ್‌ಎಚ್‌ಟಿಯಲ್ಲಾದರೆ ಬ್ಯಾಟರಿ ಬಿಚ್ಚಿ ಇನ್ನೊಂದು ಹಾಕಬಹುದು. ಮೊಬೈಲಿನಲ್ಲಿ ಅದು ಒಳಗೇ ಅಂಟಿಕೊಂಡಿದೆ. ತಗಡಿನ ಶೀಟಿನ ಕೆಳಗಿನ ಏಪ್ರಿಲ್ ಬಿಸಿಲು ಬೇರೆ. ವರ್ಷದೊಳಗೆ ಒಂದೆರಡರ ಬೆನ್ನು ಉಬ್ಬುತ್ತದೆ. ಉಬ್ಬಿದ್ದನ್ನು ಒತ್ತಿ ಕೂರಿಸಿ ರಬ್ಬರ್ ಬ್ಯಾಂಡ್ ಹಾಕಿ ಬಳಸುತ್ತಿದ್ದ ಒಬ್ಬ ಹೆಣ್ಣುಮಗಳನ್ನು ನಾನೇ ನೋಡಿದ್ದೇನೆ. ಹೊಸದು ಕೇಳಲು ಅವಳಿಗೆ ಹೆದರಿಕೆ. ಪ್ರತಿ ಸೋಮವಾರ ಎಲ್ಲ ಫೋನುಗಳನ್ನೂ ಮೇಜಿನ ಮೇಲೆ ಮಲಗಿಸಿ ಬುಗುರಿಯಂತೆ ತಿರುಗಿಸಿ ನೋಡು. ಸರಾಗವಾಗಿ ತಿರುಗಿದರೆ ಹೊಟ್ಟೆ ಉಬ್ಬಿದೆ ಅಂತಲೇ. ಅದನ್ನು ಆಗಲೇ ಆರಿಸಿ, ಚುಚ್ಚದೆ, ಚಾರ್ಜಿಗೆ ಹಾಕದೆ, ಮರಳು ತುಂಬಿದ ಲೋಹದ ಡಬ್ಬದಲ್ಲಿ ಹೊರಗಿಡು. ಗುಜರಿಗೆ ಹಾಕುವಂತಿಲ್ಲ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಿವೆ, ನೋಂದಣಿ ಇರುವವರಿಗೇ ಕೊಡಬೇಕು.

ಚಾರ್ಜಿಂಗ್ ಜಾಗವನ್ನು ನೀನೇ ಹುಡುಕು, ಎಲೆಕ್ಟ್ರೀಷಿಯನ್ನಿಗೆ ಬಿಡಬೇಡ. ರಟ್ಟಿನ ಡಬ್ಬಗಳ ಪಕ್ಕ ಬೇಡ. ಫೋರ್ಕ್‌ಲಿಫ್ಟಿನ ದೊಡ್ಡ ಸೀಸದ ಬ್ಯಾಟರಿಗಳನ್ನು ಚಾರ್ಜ್ ಮಾಡುವ ಮೂಲೆಯಲ್ಲೂ ಬೇಡ, ಅಲ್ಲಿ ಹೈಡ್ರೋಜನ್ ಹೊರಡುತ್ತದೆ. ಗಾಳಿ ಆಡುವ ಕಡೆ, ಲೋಹದ ಕಪಾಟು, ಒಂದೊಂದು ಫೋನಿಗೂ ನಂಬರು ಬರೆದ ಒಂದೊಂದು ಗೂಡು. ಹೊರಗಿನಿಂದ ಅಗ್ಗದ ಚಾರ್ಜರ್ ತಂದು ಚುಚ್ಚಲು ಯಾರಿಗೂ ಬಿಡಬೇಡ. ನಲವತ್ತು ಜನಕ್ಕೆ ನಲವತ್ತು ಕೊಂಡರೆ ಸಾಲದು, ಆರೇಳು ಹೆಚ್ಚಿಗೆ ಬೇಕು. ಬಿನ್ ಕಾರ್ಡ್ ಬರೆಯಲು ನಾವು ಹೆಚ್ಚುವರಿ ಪೆನ್ಸಿಲ್ ಇಟ್ಟುಕೊಳ್ಳುತ್ತಿರಲಿಲ್ಲವೇ?

ಮೈ ಗಟ್ಟಿಯಿದ್ದರೂ ಉಸಿರು ಬೇರೆಯವರ ಕೈಯಲ್ಲಿ ಅಂದೆನಲ್ಲ, ಆ ಮಾತಿಗೆ ಬಂದೆ. ಅಂಗಡಿಯ ಮೊಬೈಲಿನ ಮಾಡೆಲ್ಲು ವರ್ಷ, ಒಂದೂವರೆ ವರ್ಷದಲ್ಲಿ ಮಾರುಕಟ್ಟೆಯಿಂದ ಹೋಗಿಬಿಡುತ್ತದೆ. ಆಮೇಲೆ ಹತ್ತು ಬೇಕಾದರೆ ಅದೇ ಸಿಗದು; ಹೊಸದಕ್ಕೆ ಹಳೆಯ ಕವರು ಕೂರದು, ಕೈಪಟ್ಟಿ ಕೂರದು. ಸುರಕ್ಷತೆಯ ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಅನ್ನುವುದನ್ನು ಬೆಲೆಯ ಪಕ್ಕದಲ್ಲೇ ಬರೆದುಕೊಂಡು ಹೋಲಿಸು. ಎಚ್‌ಎಚ್‌ಟಿಯ ನಾಲ್ಕು ಪಟ್ಟಿನಲ್ಲಿ ಒಂದು ಪಾಲು ಈ ಬಾಳಿಕೆಗೇ ಹೋಗುವುದು. ಮೊಬೈಲುಗಳನ್ನು ಹಂಚುವ ಮುಂಚೆ, ಗೋಡೌನಿನ ಕೆಲಸದ ಆ್ಯಪ್ ಬಿಟ್ಟು ಬೇರೇನೂ ತೆರೆಯದಂತೆ ಬೀಗ ಹಾಕಿಸು. ಆಂಡ್ರಾಯ್ಡಿನಲ್ಲೇ ಅದಕ್ಕೆ ವ್ಯವಸ್ಥೆ ಇದೆ. ಅಪ್‌ಡೇಟ್ ಡಿಸ್‌ಪ್ಯಾಚಿನ ಹೊತ್ತಿನಲ್ಲಿ ತಾನಾಗಿ ಶುರುವಾಗದಂತೆಯೂ ನೋಡಿಕೋ. ಪ್ರತಿ ಫೋನಿನ ಐಎಂಇಐ ನಂಬರನ್ನು ರಿಜಿಸ್ಟರಿನಲ್ಲಿ ಬರೆದಿಡು. ಕಳೆದುಹೋದರೆ ಸರಕಾರದ ಸಂಚಾರ್ ಸಾಥಿಯಲ್ಲಿ ಆ ನಂಬರು ಕೊಟ್ಟು ಫೋನು ನಡೆಯದಂತೆ ಮಾಡಿಸಬಹುದು.

ಬೀಗ ತೆಗೆಯಲು ಬೆರಳಚ್ಚು ಇಡಬೇಡ. ಇದನ್ನು ಯಾರೂ ನಿನಗೆ ಹೇಳಿರಲಾರರು. ವರ್ಷಗಟ್ಟಲೆ ಮೂಟೆ ಹೊತ್ತ, ಡಬ್ಬ ಎತ್ತಿದ, ಸಿಮೆಂಟು ಮುಟ್ಟಿದ ಬೆರಳಿನಲ್ಲಿ ಗೆರೆ ಸವೆದಿರುತ್ತದೆ. ಯಂತ್ರ ಮತ್ತೆ ಪ್ರಯತ್ನಿಸಿ ಅನ್ನುತ್ತಲೇ ಇರುತ್ತದೆ. ಹಿಂದೆ ಸಾಲು ನಿಂತಿರುತ್ತದೆ. ದುಡಿದ ಕೈಯನ್ನೇ ಯಂತ್ರ ಗುರುತಿಸದೆ ಹೋದಾಗ ಆ ಮನುಷ್ಯನ ಮುಖ ಹೇಗಾಗುತ್ತದೆ ಅಂತ ನಾನು ನೋಡಿದ್ದೇನೆ ಪುಟ್ಟಿ. ಕುತ್ತಿಗೆಯ ಐಡಿ ಕಾರ್ಡಿನಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿಸು, ಅದನ್ನು ತೋರಿಸಿ ಒಳಗೆ ಹೋಗಲಿ.

ಯಜಮಾನರು ಮುಂದೊಂದು ದಿನ ಇನ್ನೂ ಅಗ್ಗದ ದಾರಿ ಹೇಳಬಹುದು: ಹುಡುಗರ ಹತ್ತಿರವೇ ಮೊಬೈಲ್ ಇದೆಯಲ್ಲ, ಅದರಲ್ಲೇ ಆ್ಯಪ್ ಹಾಕಿಸಿಬಿಡೋಣ. ಅದಕ್ಕೆ ಮಾತ್ರ ಬೇಡ ಅನ್ನು, ಗಟ್ಟಿಯಾಗಿ ಅನ್ನು. ಆ ಮೊಬೈಲಿನಲ್ಲಿ ಅವನ ಹೆಂಡತಿಯ ಫೋಟೋ ಇದೆ, ಊರಿಗೆ ಕಳಿಸಿದ ದುಡ್ಡಿನ ಲೆಕ್ಕ ಇದೆ. ರೀಚಾರ್ಜ್ ಅವನದು, ಬ್ಯಾಟರಿ ಅವನದು, ಒಡೆದರೆ ನಷ್ಟವೂ ಅವನದು. ಪಾಳಿ ಮುಗಿದ ಮೇಲೂ ಅವನು ಎಲ್ಲಿದ್ದಾನೆ ಅಂತ ಆ್ಯಪ್ ತಿಳಿಯುವಂತಿದ್ದರೆ ಅದು ನ್ಯಾಯವಲ್ಲ. ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ಕಾಯ್ದೆ ಇಲ್ಲದಿದ್ದರೂ ನಾನು ಇದೇ ಹೇಳುತ್ತಿದ್ದೆ.

ಹಾಗಾಗಿ ನಲವತ್ತಕ್ಕೆ ಸಹಿ ಹಾಕಬೇಡ. ಎಂಟು ತರಿಸು. ನಾಲ್ಕು ಮಾಮೂಲಿ ಮೊಬೈಲು, ಅವುಗಳಲ್ಲಿ ಎರಡಕ್ಕೆ ಉಂಗುರದ ಸ್ಕ್ಯಾನರು. ಇನ್ನು ನಾಲ್ಕು ಎಚ್‌ಎಚ್‌ಟಿ. ಎಷ್ಟೋ ಮಾರಾಟಗಾರರು ನೋಡಲು ಕೊಡುತ್ತಾರೆ, ಕೇಳು. ಅವನ್ನು ಆಫೀಸಿನ ಹತ್ತಿರದ ಜಾಣ ಹುಡುಗರಿಗೆ ಕೊಡಬೇಡ. ರಾತ್ರಿ ಪಾಳಿಗೆ ಕೊಡು, ಡಾಕಿನ ಹಮಾಲರಿಗೆ ಕೊಡು, ಕನ್ನಡಕ ಹಾಕುವ ಹಿರಿಯರೊಬ್ಬರಿಗೆ ಕೊಡು. ಡಾಕಿನಲ್ಲಿ ಮಳೆಹನಿ ಬಿದ್ದ ಪರದೆ ತಾನಾಗಿ ಒತ್ತಿಕೊಳ್ಳುತ್ತದೆಯೇ, ಒಳಗಿನ ರ‍್ಯಾಕ್‌ಗಳ ಸಾಲಿನಲ್ಲಿ ವೈಫೈ ಕಡಿಯುತ್ತದೆಯೇ ನೋಡು. ಕಬ್ಬಿಣದ ರ‍್ಯಾಕೂ ನೀರು ತುಂಬಿದ ಬಾಟಲಿಗಳೂ ಸಿಗ್ನಲನ್ನು ತಡೆಯುತ್ತವೆ. ಖಾಲಿ ಗೋಡೌನಿನಲ್ಲಿ ಸಿಕ್ಕಿದ್ದು ತುಂಬಿದ ಗೋಡೌನಿನಲ್ಲಿ ಸಿಗದು. ಒಂದು ತಿಂಗಳು ದಿನಾ ಸಂಜೆ ಹೋಗಿ ಅವರ ಜೇಬುಗಳ ಕಡೆ ನೋಡು. ರಟ್ಟಿನ ಚೂರು ಕಂಡರೆ ಆ ಫೋನು ಆ ಕೈಗೆ ಒಗ್ಗಿಲ್ಲ.

ತಿಂಗಳಾದ ಮೇಲೆ ಯಾವುದೇ ಕೊಳ್ಳು, ಖರೀದಿಯ ಕಾಗದದಲ್ಲೇ ಒಡೆಯುವ ಫೋನುಗಳಿಗೆ ಅಂತ ಒಂದು ಸಾಲು ಸೇರಿಸಿ ಮಂಜೂರು ಮಾಡಿಸಿಕೋ. ಕಾರ್ಮಿಕನ ಅಸಡ್ಡೆಯಿಂದಲೇ ಹಾಳಾಯಿತು ಅಂತ ತೋರಿಸದೆ, ಅವನ ಮಾತು ಕೇಳದೆ ಸಂಬಳದಲ್ಲಿ ಮುರಿಯುವಂತಿಲ್ಲ ಅನ್ನುವುದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇರುವ ಕಾನೂನು. ಇದನ್ನು ಯಜಮಾನರಿಗೆ ವಿನಯದಿಂದಲೇ ಹೇಳು. ಅವರು ಕೆಟ್ಟವರಲ್ಲ, ಗೊತ್ತಿರಲಿಕ್ಕಿಲ್ಲ.

ಫೋನು ಹಂಚುವ ಬೆಳಗ್ಗೆ ಮೂರೂ ಪಾಳಿಯವರನ್ನು ಡಾಕಿನ ಹತ್ತಿರ ಸೇರಿಸು. ಭಾಷಣ ಬೇಡ. ಹೊಸ ಫೋನೊಂದನ್ನು ಕೈಗೆ ತಗೋ, ಸೊಂಟದ ಎತ್ತರದಿಂದ ಆ ಕಾಂಕ್ರೀಟ್ ನೆಲಕ್ಕೆ ನೀನೇ ಬಿಟ್ಟುಬಿಡು, ಎಲ್ಲರ ಕಣ್ಣೆದುರಿಗೆ. ಎತ್ತಿಕೊಂಡು ನೋಡು. ಒಡೆದಿದ್ದರೆ ಪಕ್ಕಕ್ಕಿಟ್ಟು ಪೆಟ್ಟಿಗೆಯಿಂದ ಇನ್ನೊಂದು ತೆಗೆ, ಇದಕ್ಕೆ ಯಾರ ಸಂಬಳದಲ್ಲೂ ಒಂದು ರೂಪಾಯಿ ಹೋಗುವುದಿಲ್ಲ ಅಂತ ಕನ್ನಡದಲ್ಲೂ ಹಿಂದಿಯಲ್ಲೂ ಹೇಳು. ಆಮೇಲೆ ಹಂಚಲು ಶುರುಮಾಡು.

ನಿನ್ನ ದೊಡ್ಡಪ್ಪ